ಏಳು ನಿಮಿಷ, ಮೂರು ಗಂಟೆ

ಎಲ್ಲರಿಗೂ ನಮಸ್ಕಾರ.

ಒಂದು ತಟ್ಟೆ ಸ್ಪಾಗೆಟಿಯಿಂದ ಶುರು ಮಾಡುತ್ತೇನೆ. ಫ್ರಾನ್ಸಿನ ಉತ್ತರಕ್ಕೆ ಲೀಲ್ ಅಂತ ಒಂದು ಊರು. ಅಲ್ಲೊಂದು ಸಾಧಾರಣ ಮನೆ. ಹೈಸ್ಕೂಲಿಗೆ ಹೋಗುವ ಅದೆಲ್ ಅನ್ನುವ ಹುಡುಗಿ ಅಪ್ಪ ಅಮ್ಮನ ಜೊತೆ ಕೂತು ಊಟ ಮಾಡುತ್ತಿದ್ದಾಳೆ. ಟೊಮೆಟೊ, ಖೀಮಾ ಸುರಿದ ಸ್ಪಾಗೆಟಿ. ಬಾಯಿ ತುಂಬ ತುಂಬಿಕೊಳ್ಳುತ್ತಾಳೆ. ತುಟಿಯ ಸುತ್ತ ಕೆಂಪಗೆ ಮೆತ್ತಿಕೊಂಡಿದೆ. ಕ್ಯಾಮೆರಾ ಎಷ್ಟು ಹತ್ತಿರ ಇದೆ ಅಂದರೆ ಅವಳು ಅಗಿಯುವ ಸದ್ದು ನಮ್ಮ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಈ ಹುಡುಗಿಗೆ ಹಸಿವು ಜಾಸ್ತಿ. ಇಷ್ಟು ಹಸಿವಿರುವವಳಿಗೆ ಮೊದಲ ಸಲ ಪ್ರೀತಿ ಹುಟ್ಟಿದರೆ ಏನಾಗುತ್ತದೆ? ಅದೇ ಮೂರು ಗಂಟೆಯ ಸಿನಿಮಾ.

ಫ್ರೆಂಚಿನಲ್ಲಿ ಇದರ ಹೆಸರು 'ಲಾ ವೀ ದಾದೆಲ್', ಅಂದರೆ ಅದೆಲ್‌ಳ ಬದುಕು. ಹೊರಗಿನವರಿಗೆ ಗೊತ್ತಿರುವುದು 'ಬ್ಲೂ ಈಸ್ ದಿ ವಾರ್ಮೆಸ್ಟ್ ಕಲರ್' ಅಂತ. 2013ರದು. ನಿರ್ದೇಶಕ ಅಬ್ದೆಲ್ಲತೀಫ್ ಕೆಶಿಶ್. ಅದೆಲ್ ಪಾತ್ರದಲ್ಲಿ ಅದೆಲ್ ಎಕ್ಸಾರ್ಕೋಪುಲೋಸ್. ಅವಳು ಪ್ರೀತಿಸುವ ನೀಲಿ ಕೂದಲಿನ ಎಮಾ ಪಾತ್ರದಲ್ಲಿ ಲೆಯಾ ಸೆದೂ.

ಈ ಸಿನಿಮಾದ ಹೆಸರು ಹೇಳಿದ ತಕ್ಷಣ ಸ್ಪಾಗೆಟಿ ನೆನಪಾಗುವವರು ಕಡಿಮೆ. ನೆನಪಾಗುವುದು ಆ ಇನ್ನೊಂದು ದೃಶ್ಯ. ಹಾಸಿಗೆಯದು, ಸುಮಾರು ಏಳು ನಿಮಿಷದ್ದು. ಸಿನಿಮಾ ಬಂದು ಇಷ್ಟು ವರ್ಷವಾದರೂ ಅದರ ಬಗ್ಗೆ ಬರೆದವರಲ್ಲಿ ಬಹಳ ಜನ ಆ ಏಳು ನಿಮಿಷದ ಸುತ್ತಲೇ ಸುತ್ತಿದ್ದಾರೆ. ಯಾಕೆ ಹೀಗಾಯಿತು, ಹಾಗೆ ಬರೆದದ್ದರಲ್ಲಿ ಯಾವುದು ಗಟ್ಟಿ, ಯಾವುದು ಸುಮ್ನೆ ಗದ್ದಲ, ಇದನ್ನು ನಿಮ್ಮ ಜೊತೆ ಮಾತಾಡಬೇಕು ಅಂತ ಬಂದಿದ್ದೇನೆ.

ಅದಕ್ಕೂ ಮುಂಚೆ ನಮ್ಮದೇ ಒಂದು ಪದದ ವಿಷಯ. ನಮ್ಮ ಪತ್ರಿಕೆಗಳಲ್ಲಿ, ಟಿವಿಯಲ್ಲಿ 'ಸಲಿಂಗಕಾಮ', 'ಸಲಿಂಗಕಾಮಿ' ಅಂತಲೇ ಹೇಳುತ್ತಾ ಬಂದಿದ್ದಾರೆ. ಗಂಡು ಹೆಣ್ಣು ಪ್ರೀತಿಸಿದರೆ ಪ್ರೇಮಿಗಳು, ಇಬ್ಬರು ಹುಡುಗಿಯರು ಪ್ರೀತಿಸಿದರೆ ಕಾಮಿಗಳು. ಪದದ ಒಳಗೇ ತೀರ್ಪು ಬರೆದಾಗಿದೆ. ನಾನು ಸಲಿಂಗಿ, ಸಲಿಂಗ ಪ್ರೇಮ ಅನ್ನುತ್ತೇನೆ. ಈ ಸಿನಿಮಾದ ವಿಮರ್ಶೆಗಳನ್ನು ಓದುತ್ತಾ ಹೋದಾಗ ನನಗೆ ಪದೇ ಪದೇ ಆ ಕನ್ನಡ ಪದವೇ ನೆನಪಾಯಿತು. ಅಲ್ಲೂ ಅಷ್ಟೇ, ಕಾಮದ ಬಗ್ಗೆ ಪುಟಗಟ್ಟಲೆ, ಪ್ರೇಮದ ಬಗ್ಗೆ ನಾಲ್ಕು ಸಾಲು. ಪೂರ್ತಿ ತಪ್ಪು ವಿಮರ್ಶಕರ ಮೇಲೆ ಹಾಕುವ ಹಾಗಿಲ್ಲ. ನಿರ್ದೇಶಕರ ಕ್ಯಾಮೆರಾಗೂ ಅದರಲ್ಲಿ ಪಾಲಿದೆ.

2013ರ ಮೇ 26, ಭಾನುವಾರ. ಎಂಟು ದಿನ ಮುಂಚೆಯಷ್ಟೇ ಸಲಿಂಗಿಗಳ ಮದುವೆಯ ಕಾನೂನಿಗೆ ಫ್ರಾನ್ಸಿನಲ್ಲಿ ಅಂಕಿತ ಬಿದ್ದಿತ್ತು. ಅದನ್ನು ವಿರೋಧಿಸಿ ಆ ಭಾನುವಾರ ಪ್ಯಾರಿಸ್‌ನಲ್ಲಿ ದೊಡ್ಡ ಮೆರವಣಿಗೆ. ಪೊಲೀಸರ ಲೆಕ್ಕದಲ್ಲೇ 1.5 ಲಕ್ಷ ಜನ, ಸಂಘಟಕರು 10 ಲಕ್ಷ ಅಂದರು. ಅದೇ ಸಂಜೆ ದಕ್ಷಿಣದ ಕಡಲ ತೀರದಲ್ಲಿ, ಕಾನ್ ಚಿತ್ರೋತ್ಸವದ ವೇದಿಕೆ ಮೇಲೆ, ಇಬ್ಬರು ಹುಡುಗಿಯರ ಪ್ರೀತಿಯ ಸಿನಿಮಾಗೆ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಸಿಕ್ಕಿತು. ಮೂರು ದಿನ ಕಳೆದು ಮೊಂಪೆಲಿಯೆಯಲ್ಲಿ ದೇಶದ ಮೊದಲ ಸಲಿಂಗ ಮದುವೆ ಆಯಿತು. ಆ ವಾರದಲ್ಲಿ ಈ ಸಿನಿಮಾವನ್ನು ಬರೀ ಸಿನಿಮಾ ಅಂತ ನೋಡುವುದು ಯಾರಿಗೂ ಸುಲಭ ಇರಲಿಲ್ಲ. ಹೊಗಳಿದರೆ ಒಂದು ಕಡೆ ಸೇರಿದ ಹಾಗೆ, ತೆಗಳಿದರೆ ಮೆರವಣಿಗೆಯವರ ಜೊತೆ ಸೇರಿದ ಹಾಗೆ. ಮೊದಲ ವಿಮರ್ಶೆಗಳನ್ನು ಓದುವಾಗ ಈ ಒತ್ತಡವನ್ನು ಮರೆಯಬಾರದು.

ತೀರ್ಪುಗಾರರ ಅಧ್ಯಕ್ಷರು ಸ್ಟೀವನ್ ಸ್ಪೀಲ್‌ಬರ್ಗ್. ಜೊತೆಗೆ ಆಂಗ್ ಲೀ, ನಿಕೋಲ್ ಕಿಡ್ಮನ್, ನವೋಮಿ ಕವಾಸೆ, ಲಿನ್ ರ‍್ಯಾಮ್ಸೆ ಇದ್ದರು. ನಮ್ಮ ವಿದ್ಯಾ ಬಾಲನ್ ಕೂಡ ಇದ್ದರು. ಈ ತೀರ್ಪುಗಾರರು ಮಾಡಿದ ಒಂದು ಕೆಲಸ ಹೊಸದು. ಪಾಮ್ ದೋರ್ ಅನ್ನು ನಿರ್ದೇಶಕರಿಗೆ ಮಾತ್ರ ಕೊಡದೆ, ಇಬ್ಬರು ನಟಿಯರನ್ನೂ ಸೇರಿಸಿ ಮೂವರಿಗೆ ಕೊಟ್ಟರು. ಹಿಂದೆ ಯಾವತ್ತೂ ಹೀಗೆ ಆಗಿರಲಿಲ್ಲ. ಇದು ಕೂಡ ಒಂದು ವಿಮರ್ಶೆಯೇ ಅಂತ ನಾನು ನಂಬಿದ್ದೇನೆ. ಈ ಸಿನಿಮಾ ಒಬ್ಬರ ಕೈಯಲ್ಲಿ ಆದದ್ದಲ್ಲ, ಆ ಇಬ್ಬರ ಮುಖ ಇಲ್ಲದಿದ್ದರೆ ಇದು ಇಲ್ಲವೇ ಇಲ್ಲ, ಅಂತ ಪ್ರಶಸ್ತಿಯ ಭಾಷೆಯಲ್ಲಿ ಹೇಳಿದ್ದು. ಅಂತರರಾಷ್ಟ್ರೀಯ ವಿಮರ್ಶಕರ ಸಂಘ ಫಿಪ್ರೆಸ್ಕಿಯ ಬಹುಮಾನವೂ ಇದಕ್ಕೇ ಬಂತು. ವರ್ಷದ ಕೊನೆಗೆ, ವರ್ಷದ ಒಳ್ಳೆಯ ಫ್ರೆಂಚ್ ಸಿನಿಮಾಗೆ ಕೊಡುವ ಲೂಯಿ ದೆಲ್ಯುಕ್ ಪ್ರಶಸ್ತಿ ಬಂತು. 'ಕಾಯೆ ದ್ಯು ಸಿನೆಮಾ' ಪತ್ರಿಕೆಯ ಆ ವರ್ಷದ ಹತ್ತು ಸಿನಿಮಾಗಳ ಪಟ್ಟಿಯಲ್ಲಿ ಮೂರನೇ ಜಾಗ ಸಿಕ್ಕಿತು. ಫ್ರಾನ್ಸಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಥಿಯೇಟರಿಗೆ ಹೋಗಿ ನೋಡಿದರು.

ಆದರೆ ಕಾನ್‌ನಲ್ಲೇ ಇನ್ನೊಂದು ಪ್ರಶಸ್ತಿ ಇದೆ, 2010ರಲ್ಲಿ ಶುರುವಾದದ್ದು, ಕ್ವಿಯರ್ ಪಾಮ್ ಅಂತ. ಸಲಿಂಗಿ, ದ್ವಿಲಿಂಗಿ, ಟ್ರಾನ್ಸ್ ಜನರ ಬದುಕನ್ನು ಹೇಳುವ ಸಿನಿಮಾಗಳಿಗೆ ಕೊಡುವುದು. ಆ ವರ್ಷ ಅದು ಈ ಸಿನಿಮಾಗೆ ಸಿಗಲಿಲ್ಲ. ಅಲೆನ್ ಗಿರೋದಿ ಅವರ 'ಸ್ಟ್ರೇಂಜರ್ ಬೈ ದ ಲೇಕ್'ಗೆ ಹೋಯಿತು. 'ಕಾಯೆ'ಯ ಪಟ್ಟಿಯಲ್ಲಿ ಮೊದಲ ಜಾಗವೂ ಅದಕ್ಕೇ. ಇದರ ಬಗ್ಗೆ ಆಗ ಜಾಸ್ತಿ ಚರ್ಚೆ ಆಗಲಿಲ್ಲ. ನನಗೆ ಮಾತ್ರ ಇದು ಮುಖ್ಯ ಅನ್ನಿಸುತ್ತದೆ. ಇಡೀ ಜಗತ್ತು ಸಲಿಂಗ ಪ್ರೇಮದ ದೊಡ್ಡ ಸಿನಿಮಾ ಅಂತ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾಗ, ಆ ಬದುಕನ್ನು ಹತ್ತಿರದಿಂದ ನೋಡುವುದಕ್ಕೆಂದೇ ಕೂತಿದ್ದ ತೀರ್ಪುಗಾರರ ಕಣ್ಣು ಬೇರೆ ಸಿನಿಮಾ ಮೇಲೆ ನಿಂತಿತ್ತು.

ಪ್ರಶಸ್ತಿ ಬಂದ ಮಾರನೇ ದಿನ ಒಂದು ಬರಹ ಬಂತು. ಬರೆದವರು ಜ್ಯೂಲ್ ಮಾರೋ. ಸಿನಿಮಾಗೆ ಮೂಲವಾದ ಚಿತ್ರಕಾದಂಬರಿ ಅವರದು. 2010ರಲ್ಲಿ ಗ್ಲೆನಾ ಪ್ರಕಾಶನದಿಂದ ಬಂದಿತ್ತು. ಮುಂದಿನ ವರ್ಷ ಆಂಗುಲೆಮ್ ಕಾಮಿಕ್ಸ್ ಉತ್ಸವದಲ್ಲಿ ಓದುಗರ ಬಹುಮಾನವನ್ನೂ ಪಡೆದಿತ್ತು. ಆ ಪುಸ್ತಕ ಶುರು ಮಾಡಿದಾಗ ಅವರಿಗೆ 19 ವರ್ಷ. ಅಂದರೆ ಮೊದಲ ಪ್ರೀತಿಯ ಬಿಸಿ ಇನ್ನೂ ಆರದ ವಯಸ್ಸು, ಅಲ್ವಾ.

ಆ ಬರಹದಲ್ಲಿ ಮಾರೋ ಸಿನಿಮಾವನ್ನು ಹಳಿದರು ಅಂತ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದು ಅರ್ಧ ಮಾತ್ರ ನಿಜ. ಸಿನಿಮಾ ಮಾಡಿದ ಕೈಯ ಕಸುಬನ್ನು ಅವರು ಮನಸಾರೆ ಮೆಚ್ಚಿದ್ದರು. ಪುಸ್ತಕ ನನ್ನದು, ಸಿನಿಮಾ ಅವರದು, ನನಗೆ ದ್ರೋಹ ಆಗಿದೆ ಅಂತ ನಾನು ಹೇಳುವುದಿಲ್ಲ ಅನ್ನುವ ಧಾಟಿಯಲ್ಲಿ ಬರೆದಿದ್ದರು. ಆಮೇಲೆ ಆ ಏಳು ನಿಮಿಷದ ವಿಷಯಕ್ಕೆ ಬಂದರು. ಸೆಟ್ಟಿನಲ್ಲಿ ಒಂದು ಕೊರತೆ ಇತ್ತು ಅಂತ ಕಾಣುತ್ತದೆ, ಲೆಸ್ಬಿಯನ್ನರ ಕೊರತೆ, ಅಂದರು. ಆ ದೃಶ್ಯ ಅವರಿಗೆ ಆಪರೇಷನ್ ಥಿಯೇಟರಿನ ಹಾಗೆ ತಣ್ಣಗೆ, ತೋರಿಕೆಗೆ ಮಾಡಿದ ಹಾಗೆ ಕಂಡಿತ್ತು. ಅದಕ್ಕಿಂತ ನನ್ನನ್ನು ತಟ್ಟಿದ್ದು ಅವರು ಥಿಯೇಟರಿನ ಬಗ್ಗೆ ಬರೆದದ್ದು. ಆ ದೃಶ್ಯ ಬಂದಾಗ ಸುತ್ತ ಕೂತಿದ್ದವರು ಕಿಸಕ್ಕನೆ ನಕ್ಕರಂತೆ. ಸಲಿಂಗಿಗಳಲ್ಲದವರು ನಕ್ಕದ್ದು ಅರ್ಥವಾಗದೆ. ಸಲಿಂಗಿಗಳು ನಕ್ಕದ್ದು ನಂಬಲಾಗದೆ. ನಗು ಕೇಳಿಸದೇ ಇದ್ದದ್ದು ಬಹುಶಃ ಆ ದೃಶ್ಯವನ್ನು ಕಣ್ಣಿಗೆ ಹಬ್ಬ ಮಾಡಿಕೊಳ್ಳುವುದರಲ್ಲಿ ಮುಳುಗಿದ್ದ ಗಂಡಸರದ್ದು ಮಾತ್ರ.

ಸಿನಿಮಾ ವಿಮರ್ಶೆಯಲ್ಲಿ ಇಂಥ ಮಾತನ್ನು ನಾನು ಬಹಳ ಕಡಿಮೆ ಓದಿದ್ದೇನೆ. ವಿಮರ್ಶಕರು ಸಾಮಾನ್ಯವಾಗಿ ಪರದೆಯನ್ನು ನೋಡುತ್ತಾರೆ. ಮಾರೋ ಪರದೆಗೆ ಬೆನ್ನು ತಿರುಗಿಸಿ ಕುರ್ಚಿಗಳ ಕಡೆ ನೋಡಿದರು. ಒಂದೇ ದೃಶ್ಯ, ಒಂದೇ ಕತ್ತಲೆ, ಆದರೆ ಯಾರು ಯಾವ ಕಾರಣಕ್ಕೆ ನಗುತ್ತಾರೆ, ಯಾರು ಸುಮ್ಮನಿರುತ್ತಾರೆ ಅನ್ನುವುದರಲ್ಲೇ ಸಿನಿಮಾ ಯಾರಿಗಾಗಿ ಆಗಿದೆ ಅಂತ ಗೊತ್ತಾಗಿಬಿಡುತ್ತದೆ.

'ನ್ಯೂಯಾರ್ಕ್ ಟೈಮ್ಸ್'ನ ಮನೋಲಾ ಡಾರ್ಗಿಸ್ ಕೂಡ ಕಾನ್‌ನಿಂದಲೇ ತಕರಾರು ಎತ್ತಿದ್ದರು. ಇಲ್ಲಿ ಕಾಣುವುದು ಹುಡುಗಿಯರ ಆಸೆಗಿಂತ ನಿರ್ದೇಶಕರ ಆಸೆ ಅನ್ನುವುದು ಅವರ ವಾದದ ಸಾರ. ಅಕ್ಟೋಬರಿನಲ್ಲಿ ಸಿನಿಮಾ ಅಮೆರಿಕದಲ್ಲಿ ಬಿಡುಗಡೆ ಆದಾಗ ಅವರು ಮತ್ತೆ ಉದ್ದವಾಗಿ ಬರೆದರು. ಕ್ಯಾಮೆರಾ ಅದೆಲ್‌ಳ ಹಿಂದೆ ಹಿಂದೆ ಹೋಗುತ್ತದೆ, ಅವಳ ದೇಹವನ್ನು ಅಳೆಯುತ್ತದೆ, ಅವಳು ಮಲಗಿದ್ದಾಗಲೂ ಬಿಡುವುದಿಲ್ಲ ಅಂತ ಅವರ ಆಕ್ಷೇಪ. 1975ರಲ್ಲಿ ಲಾರಾ ಮಲ್ವಿ 'ಗಂಡಿನ ನೋಟ'ದ ಬಗ್ಗೆ, ಅಂದರೆ ಸಿನಿಮಾ ಹೆಣ್ಣನ್ನು ಗಂಡಿನ ಆಸೆಯ ಕಣ್ಣಿನಿಂದ ನೋಡುವುದರ ಬಗ್ಗೆ, ಬರೆದ ಪ್ರಬಂಧ ಸಿನಿಮಾ ಓದುವವರಿಗೆಲ್ಲ ಗೊತ್ತಿರುವುದೇ. 2013ರಲ್ಲಿ ಆ ಚರ್ಚೆ ತರಗತಿಯಿಂದ ದಿನಪತ್ರಿಕೆಗೆ ಬಂತು. ಅದೇ ಪತ್ರಿಕೆಯಲ್ಲಿ ಎ. ಓ. ಸ್ಕಾಟ್ ಸಿನಿಮಾವನ್ನು ಮೆಚ್ಚಿ ಬರೆದರು. 'ನ್ಯೂಯಾರ್ಕರ್'ನ ರಿಚರ್ಡ್ ಬ್ರೋಡಿ ಆ ದೃಶ್ಯಗಳ ಪರವಾಗಿಯೇ ನಿಂತರು. ಒಂದೇ ಊರಿನ ಪತ್ರಿಕೆಗಳು, ಒಂದೇ ಪರದೆ.

ಈಗ ನಾನು ಎಲ್ಲಿ ನಿಲ್ಲುತ್ತೇನೆ ಅಂತ ಕೇಳುತ್ತೀರಿ. ಹೇಳುತ್ತೇನೆ. ಆದರೆ ಅದಕ್ಕೆ ಸಿನಿಮಾದ ಮೊದಲ ದೃಶ್ಯಗಳಿಗೆ ವಾಪಸ್ ಹೋಗಬೇಕು.

ತರಗತಿ. ಮಾರಿವೋ ಅನ್ನುವ ಲೇಖಕನ 'ಲಾ ವೀ ದ ಮರಿಯಾನ್' ಪಾಠ ನಡೆಯುತ್ತಿದೆ. 18ನೇ ಶತಮಾನದ ಕಾದಂಬರಿ. ನಾನು ಹೆಣ್ಣು, ನನ್ನ ಕಥೆಯನ್ನು ನಾನು ಹೇಳುತ್ತೇನೆ ಅನ್ನುವ ಸಾಲನ್ನು ಮಕ್ಕಳು ಓದುತ್ತಾರೆ. ಮೇಷ್ಟ್ರು ಆ ಸಾಲನ್ನು ಹಿಡಿದು ನಿಲ್ಲಿಸುತ್ತಾರೆ. ಆಮೇಲೆ ಮೊದಲ ನೋಟದ ಪ್ರೀತಿಯ ಬಗ್ಗೆ ಮಾತು. ಯಾರನ್ನೋ ನೋಡಿ ಮುಂದಕ್ಕೆ ಹೋದ ಮೇಲೆ ಎದೆಯಲ್ಲಿ ಏನೋ ಕಡಿಮೆ ಆದಂತೆ ಅನ್ನಿಸುತ್ತದಲ್ಲ, ಅದರ ಬಗ್ಗೆ. ಇದಾಗಿ ಸ್ವಲ್ಪ ಹೊತ್ತಿಗೆ ಅದೆಲ್ ರಸ್ತೆ ದಾಟುತ್ತಿದ್ದಾಳೆ. ಎದುರಿಗೆ ನೀಲಿ ಕೂದಲಿನ ಹುಡುಗಿ, ಇನ್ನೊಬ್ಬಳ ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತಿದ್ದಾಳೆ. ದಾಟಿ ಹೋಗುವಾಗ ಇಬ್ಬರೂ ತಿರುಗಿ ನೋಡುತ್ತಾರೆ. ಅದೆಲ್ ನಡುರಸ್ತೆಯಲ್ಲಿ ನಿಂತೇ ಬಿಡುತ್ತಾಳೆ. ಸುತ್ತ ವಾಹನಗಳು. ಎಲ್ಲೋ ಬೀದಿಯಲ್ಲಿ ಹ್ಯಾಂಗ್ ವಾದ್ಯ, ಅಂದರೆ ಉಕ್ಕಿನ ಬೋಗುಣಿಯಂಥದ್ದನ್ನು ಬೆರಳಲ್ಲಿ ತಟ್ಟುವ ವಾದ್ಯ, ನುಡಿಯುತ್ತಿದೆ. ಏನೂ ಆಗಿಲ್ಲ, ಎಲ್ಲ ಆಗಿಹೋಗಿದೆ. ಮೊದಲ ಪ್ರೀತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ದೃಶ್ಯ ನನಗೆ ಸುಲಭಕ್ಕೆ ನೆನಪಾಗುವುದಿಲ್ಲ.

ಹಾಗಾದರೆ ಕೆಶಿಶ್‌ಗೆ ಪ್ರೀತಿ ಗೊತ್ತಿದೆ. ಹಸಿವು ಗೊತ್ತಿದೆ, ಅಳು ಗೊತ್ತಿದೆ. 'ನಾನು ಹೆಣ್ಣು, ನನ್ನ ಕಥೆ ನಾನೇ ಹೇಳುತ್ತೇನೆ' ಅನ್ನುವ ಸಾಲನ್ನು ಬರೆದದ್ದೂ ಗಂಡಸು, ಅದನ್ನು ಓದಿಸಿ ಸಿನಿಮಾ ಶುರು ಮಾಡಿದ್ದೂ ಗಂಡಸು. ಅದರಲ್ಲಿ ತಪ್ಪೇನಿಲ್ಲ. ಇನ್ನೊಬ್ಬರ ಒಳಗೆ ಹೊಕ್ಕು ಬರೆಯದಿದ್ದರೆ ಕಥೆ ಅನ್ನುವುದೇ ಇಲ್ಲ. ಆದರೆ ಮಲಗುವ ಕೋಣೆಗೆ ಬಂದ ತಕ್ಷಣ ಈ ಸಿನಿಮಾದ ಕ್ಯಾಮೆರಾ ಬದಲಾಗುತ್ತದೆ. ಅಲ್ಲಿಯವರೆಗೆ ಮುಖಕ್ಕೆ ಅಂಟಿಕೊಂಡಿದ್ದದ್ದು ಹಿಂದೆ ಸರಿದು ದೇಹಗಳನ್ನು ಜೋಡಿಸಿ ನೋಡುತ್ತದೆ. ಬೆಳಕು ಸ್ಟುಡಿಯೋದ್ದಾಗುತ್ತದೆ. ಹುಡುಗಿಯರಿಗೆ ತಡವರಿಕೆ ಇಲ್ಲ, ನಾಚಿಕೆ ಇಲ್ಲ, ಮಾತಿಲ್ಲ. ಮೊದಲ ಸಲ ಅಂದರೆ ಹೀಗಿರುತ್ತದಾ? ಊಟ ಮಾಡುವಾಗ ಕೂಡ ಸಾಸ್ ಮೆತ್ತಿಕೊಳ್ಳುವ ಹುಡುಗಿ ಇಲ್ಲಿ ಮಾತ್ರ ಒಂದು ತಪ್ಪನ್ನೂ ಮಾಡುವುದಿಲ್ಲ. ನನ್ನ ತಕರಾರು ಇದು. ಬೆತ್ತಲೆ ಜಾಸ್ತಿ ಆಯಿತು ಅಂತ ಅಲ್ಲ. ಅದೆಲ್ ಅಲ್ಲಿ ಕಳೆದುಹೋದಳು ಅಂತ.

ನಾನು ಈ ಸಿನಿಮಾವನ್ನು ಮೊದಲು ನೋಡಿದ್ದು ಒಬ್ಬನೇ, ಲ್ಯಾಪ್‌ಟಾಪಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ಎರಡನೇ ಸಲ ಒಬ್ಬ ಗೆಳತಿಯ ಜೊತೆ. ಅವಳು ಹುಡುಗಿಯರನ್ನು ಪ್ರೀತಿಸುವವಳು. ಆ ಏಳು ನಿಮಿಷ ಮುಗಿಯುವವರೆಗೂ ಅವಳು ಏನೂ ಹೇಳಲಿಲ್ಲ. ಆಮೇಲೆ, "ಇವರು ನಮ್ಮನ್ನ ನೋಡ್ತಾ ಇದ್ದಾರೆ, ನಮ್ಮ ಜೊತೆ ಇಲ್ಲ" ಅಂದಳು. ಇಬ್ಬರೂ ಬೇರೆಯಾಗುವ ದೃಶ್ಯ ಬಂತು. ಎಮಾ ಅವಳನ್ನು ಮನೆಯಿಂದ ಆಚೆ ಹಾಕುತ್ತಾಳೆ, ಅದೆಲ್ ಅಳುತ್ತಾಳೆ, ಮೂಗು ಸುರಿಯುತ್ತದೆ, ಒರೆಸಿಕೊಳ್ಳುವುದೂ ಇಲ್ಲ. ಗೆಳತಿಯೂ ಅಳುತ್ತಿದ್ದಳು. ಮೂಗು ಒರೆಸಿಕೊಳ್ಳುತ್ತಾ, "ಇದು ನಂದು, ಇದನ್ನ ಯಾರೂ ನನ್ನಿಂದ ಕಿತ್ತುಕೊಳ್ಳೋಕೆ ಆಗಲ್ಲ" ಅಂದಳು. ನನ್ನ ಪಾಲಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಇಲ್ಲ. ಮಾರೋ, ಡಾರ್ಗಿಸ್ ಹೇಳಿದ್ದೂ ಅದರಲ್ಲಿದೆ. ಸ್ಪೀಲ್‌ಬರ್ಗ್ ಅವರ ತಂಡ ಕಂಡದ್ದೂ ಅದರಲ್ಲಿದೆ.

ಇನ್ನು ಆ ಅಳುವಿನ ವಿಷಯ. ಎಷ್ಟು ನಿಜವಾದ ಅಳು, ಎಂಥ ನಟನೆ ಅಂತ ಎಲ್ಲರೂ ಹೊಗಳಿದರು. ಆ ನಿಜ ಎಲ್ಲಿಂದ ಬಂತು? ಕಾನ್‌ನಲ್ಲಿ ಸಿನಿಮಾ ತೋರಿಸಿದ ದಿನಗಳಲ್ಲೇ ಫ್ರಾನ್ಸಿನ ಚಿತ್ರ ಕಾರ್ಮಿಕರ ಒಂದು ಯೂನಿಯನ್ ಹೇಳಿಕೆ ಕೊಟ್ಟಿತ್ತು. ಕೆಲಸದ ಗಂಟೆಗಳಿಗೆ ಮಿತಿ ಇರಲಿಲ್ಲ, ಕಾರ್ಮಿಕ ಕಾನೂನು ಪಾಲಿಸಲಿಲ್ಲ ಅಂತ ತಂತ್ರಜ್ಞರ ದೂರು. ಎರಡೂವರೆ ತಿಂಗಳಿಗೆ ಅಂತ ಶುರುವಾದ ಚಿತ್ರೀಕರಣ ಐದು ತಿಂಗಳು ಹೋಯಿತು. ಸೆಪ್ಟೆಂಬರಿನಲ್ಲಿ ಇಬ್ಬರು ನಟಿಯರೂ ಅಮೆರಿಕದಲ್ಲಿ ಒಂದು ಸಂದರ್ಶನ ಕೊಟ್ಟರು. ಹಾಸಿಗೆಯ ಒಂದು ದೃಶ್ಯಕ್ಕೆ ಹತ್ತು ದಿನ, ಆ ರಸ್ತೆ ದಾಟುವ ಚಿಕ್ಕ ದೃಶ್ಯಕ್ಕೆ ನೂರರಷ್ಟು ಟೇಕು. ಮತ್ತೆ ಇವರ ಜೊತೆ ಕೆಲಸ ಮಾಡುವುದಿಲ್ಲ ಅಂದರು. ಕೆಶಿಶ್ ಸಿಟ್ಟಾದರು. ಸಿನಿಮಾಗೆ ಮಸಿ ಬಳಿದಾಗಿದೆ, ಇನ್ನು ಬಿಡುಗಡೆಯೇ ಮಾಡಬಾರದು ಅಂತ 'ತೆಲೆರಾಮಾ' ಪತ್ರಿಕೆಗೆ ಹೇಳಿದರು. ಆಮೇಲೆ ಒಂದು ಬಹಿರಂಗ ಪತ್ರ ಬರೆದು ಸೆದೂ ಮೇಲೆ ಹರಿಹಾಯ್ದರು.

ಬಹಳ ವಿಮರ್ಶಕರು ಇದನ್ನು ಗಾಸಿಪ್ ಅಂತ ಪಕ್ಕಕ್ಕಿಟ್ಟರು. ಸಿನಿಮಾ ಬೇರೆ, ಸೆಟ್ಟು ಬೇರೆ ಅಂದರು. ನಾನು ಒಪ್ಪುವುದಿಲ್ಲ. ಆ ರಸ್ತೆಯ ನೋಟ ನನ್ನ ಎದೆಗೆ ನಾಟಿದ್ದು ನಿಜ. ಅದು ನೂರನೇ ಟೇಕಿನಲ್ಲಿ ಬಂದ ಸುಸ್ತೂ ಇರಬಹುದು. ಅದು ಗೊತ್ತಾದ ಮೇಲೆ ನಾನು ಬೇರೆ ರೀತಿ ನೋಡುತ್ತೇನೆ, ನೋಡಲೇಬೇಕು. ಮೂವರಿಗೆ ಪ್ರಶಸ್ತಿ ಕೊಟ್ಟವರು ನಟಿಯರನ್ನು ಈ ಕಲೆಯ ಪಾಲುದಾರರು ಅಂದರಲ್ಲ, ಹಾಗಿದ್ದ ಮೇಲೆ ಪಾಲುದಾರರು ನೋವಾಯಿತು ಅಂದಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ವಾ? 2017ರ ಮೀಟೂ ಚಳವಳಿಯ ನಂತರ ಜಗತ್ತು ಇದನ್ನು ನಿಧಾನಕ್ಕೆ ಒಪ್ಪಿತು. ಈಗ ಇಂಥ ದೃಶ್ಯಗಳಿಗೆ ಸೆಟ್ಟಿನಲ್ಲಿ ಇಂಟಿಮಸಿ ಕೋಆರ್ಡಿನೇಟರ್, ಅಂದರೆ ನಟರ ಒಪ್ಪಿಗೆ, ಸುರಕ್ಷತೆ ನೋಡಿಕೊಳ್ಳುವವರು, ಇರುವುದು ಎಷ್ಟೋ ಕಡೆ ರೂಢಿಯಾಗಿದೆ. 2013ರಲ್ಲಿ ಆ ಇಬ್ಬರು ಒಂಟಿಯಾಗಿ ಹೇಳಬೇಕಾಯಿತು, ಅದರಲ್ಲಿ ಒಬ್ಬರಿಗೆ ಆಗ 19 ವರ್ಷ.

ಸರ್ಟಿಫಿಕೇಟಿನ ಜಗಳಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಫ್ರಾನ್ಸಿನಲ್ಲಿ 12 ವರ್ಷ ದಾಟಿದವರು ನೋಡಬಹುದು ಅಂತ ಕೊಟ್ಟಿದ್ದರು, ಒಂದು ಎಚ್ಚರಿಕೆಯ ಜೊತೆ. ಅಮೆರಿಕದಲ್ಲಿ ಎನ್‌ಸಿ-17, ಅಂದರೆ 18 ತುಂಬದವರಿಗೆ ಪ್ರವೇಶವೇ ಇಲ್ಲ. ನ್ಯೂಯಾರ್ಕಿನ ಐಎಫ್‌ಸಿ ಸೆಂಟರ್ ಥಿಯೇಟರ್ ಮಾತ್ರ ನಾವು ಹೈಸ್ಕೂಲು ಮಕ್ಕಳನ್ನು ಬಿಡುತ್ತೇವೆ ಅಂತ ಹೇಳಿತು. 2015ರ ಡಿಸೆಂಬರಿನಲ್ಲಿ ಒಂದು ಸಂಪ್ರದಾಯವಾದಿ ಸಂಘದ ದೂರಿನ ಮೇಲೆ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಫ್ರೆಂಚ್ ಸರ್ಟಿಫಿಕೇಟನ್ನೇ ರದ್ದು ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಅದರ ಮೇಲಿನ ಕೋರ್ಟು, ಕೌನ್ಸೆಯ್ ದೆತಾ, ಆ ತೀರ್ಪನ್ನು ತಳ್ಳಿಹಾಕಿತು. ಇಲ್ಲೆಲ್ಲ ಮಾತು ಆದದ್ದು ಮತ್ತೆ ಆ ನಿಮಿಷಗಳ ಬಗ್ಗೆಯೇ. ಉಳಿದ ಸಿನಿಮಾವನ್ನು ಯಾವ ಕೋರ್ಟೂ ಕೇಳಲಿಲ್ಲ.

ಕೇಳಬೇಕಾದದ್ದು ಬಹಳ ಇತ್ತು. ಒಂದು ಹೇಳುತ್ತೇನೆ. ಎಮಾಳ ಮನೆಗೆ ಅದೆಲ್ ಊಟಕ್ಕೆ ಹೋಗುತ್ತಾಳೆ. ಅಲ್ಲಿ ವೈನು, ಚಿತ್ರಕಲೆ, ತಟ್ಟೆ ತುಂಬ ಸಿಂಪಿ. ಏನು ಬೇಕಾದರೂ ತಿಂತೀನಿ, ಚಿಪ್ಪಿನೊಳಗಿನದು ಮಾತ್ರ ಆಗಲ್ಲ ಅಂದಿದ್ದ ಹುಡುಗಿ, ಅದನ್ನು ತಿನ್ನುವುದು ಹೇಗೆ ಅಂತ ಕಲಿಯುತ್ತಾಳೆ. ಆ ಮನೆಯಲ್ಲಿ ಇವರಿಬ್ಬರ ಪ್ರೀತಿ ಎಲ್ಲರಿಗೂ ಗೊತ್ತು. ಎಮಾ ಅದೆಲ್‌ಳ ಮನೆಗೆ ಬಂದಾಗ ಮತ್ತೆ ಅದೇ ಸ್ಪಾಗೆಟಿ. ಅಲ್ಲಿ ಎಮಾ ಅಂದರೆ ಫಿಲಾಸಫಿ ಪಾಠಕ್ಕೆ ಸಹಾಯ ಮಾಡುವ ಗೆಳತಿ, ಅಷ್ಟೇ. ಚಿತ್ರ ಬರೆದರೆ ಹೊಟ್ಟೆ ತುಂಬುತ್ತಾ ಅಂತ ಅಪ್ಪನ ಚಿಂತೆ. ವರ್ಷಗಳ ಮೇಲೆ ಎಮಾಳ ಕಲಾವಿದ ಗೆಳೆಯರಿಗೆ ತೋಟದಲ್ಲಿ ಪಾರ್ಟಿ. ಅದೆಲ್ ಅದೇ ಸ್ಪಾಗೆಟಿಯನ್ನು ದೊಡ್ಡ ಪಾತ್ರೆಯಲ್ಲಿ ಮಾಡಿ ಎಲ್ಲರಿಗೂ ಬಡಿಸುತ್ತಾಳೆ. ಗ್ಯಾಲರಿ ನಡೆಸುವ ಒಬ್ಬ ಗಂಡಸು ಹೆಣ್ಣಿನ ಸುಖ ಎಂಥ ರಹಸ್ಯ ಅಂತ ಎಲ್ಲರೆದುರು ಉಪನ್ಯಾಸ ಕೊಡುತ್ತಾನೆ. ಎಲ್ಲರೂ ಹೋದ ಮೇಲೆ ಅದೆಲ್ ಪಾತ್ರೆ ತೊಳೆಯುತ್ತಾಳೆ.

ಈ ಪ್ರೀತಿ ಮುರಿದದ್ದು ಇಲ್ಲಿ. ಒಬ್ಬಳು ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಟೀಚರು, ಇನ್ನೊಬ್ಬಳು ಹೆಸರು ಮಾಡುತ್ತಿರುವ ಕಲಾವಿದೆ. ನಿನಗೆ ಬರೆಯುವ ಶಕ್ತಿ ಇದೆ, ಬರಿ, ಅಂತ ಎಮಾ ಒತ್ತಾಯಿಸುತ್ತಾಳೆ. ನನಗೆ ಮಕ್ಕಳಿಗೆ ಕಲಿಸುವುದೇ ಇಷ್ಟ ಅಂದರೆ ಅವಳಿಗೆ ಅರ್ಥವಾಗುವುದಿಲ್ಲ. ಕೆಶಿಶ್ ಟ್ಯುನಿಸ್‌ನಲ್ಲಿ ಹುಟ್ಟಿ ಚಿಕ್ಕ ವಯಸ್ಸಿನಲ್ಲೇ ನೀಸ್‌ಗೆ ಬಂದವರು. ವರ್ಗದ ಗೋಡೆ ಎಲ್ಲೆಲ್ಲಿ ಇರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಹಿಂದಿನ ಸಿನಿಮಾಗಳಲ್ಲೂ ಊಟದ ಮೇಜು ಬರುತ್ತದೆ. ಕೆಲವು ವಿಮರ್ಶಕರು ಇದನ್ನು ಗಮನಿಸಿ ಬರೆದರು. ಹಾಸಿಗೆ ದೃಶ್ಯದ ಗದ್ದಲದಲ್ಲಿ ಅವರ ದನಿ ಮುಚ್ಚಿಹೋಯಿತು.

ಈಗ 2013ರಿಂದ ಹತ್ತೊಂಬತ್ತು ವರ್ಷ ಹಿಂದಕ್ಕೆ, ಇನ್ನೊಂದು ಫ್ರೆಂಚ್ ಸಿನಿಮಾಗೆ ಹೋಗೋಣ. 1994. ಆಂದ್ರೆ ತೆಶಿನೆ ಅವರ 'ಲೆ ರೋಸೋ ಸೋವಾಜ್'. ಕಾಡು ಜೊಂಡು ಅಂತ ಅರ್ಥ. ಬಿರುಗಾಳಿಗೆ ಓಕ್ ಮರ ಮುರಿಯುತ್ತದೆ, ಜೊಂಡು ಬಾಗಿ ಉಳಿಯುತ್ತದೆ ಅನ್ನುವ ಲಾ ಫೊಂತೇನ್‌ನ ಕಥೆಯಿಂದ ಬಂದ ಹೆಸರು. ಕಥೆ ನಡೆಯುವುದು 1962ರಲ್ಲಿ, ಅಲ್ಜೀರಿಯಾ ಯುದ್ಧ ಮುಗಿಯುವ ಹೊತ್ತಿನಲ್ಲಿ, ನೈಋತ್ಯ ಫ್ರಾನ್ಸಿನ ಒಂದು ಹಾಸ್ಟೆಲ್ ಶಾಲೆಯಲ್ಲಿ. ಫ್ರಾಂಸ್ವಾ ಅನ್ನುವ ಹುಡುಗನಿಗೆ ಸೆರ್ಜ್ ಅನ್ನುವ ರೈತರ ಮನೆಯ ಹುಡುಗನ ಮೇಲೆ ಪ್ರೀತಿ. ಅದು ತೆಶಿನೆಯವರ ಸ್ವಂತ ಹರೆಯಕ್ಕೆ ಹತ್ತಿರದ ಕಥೆ. ಆರ್ತೆ ಟಿವಿ ವಾಹಿನಿಯ ಒಂದು ಮಾಲಿಕೆಗೆ ಅಂತ ಶುರುವಾದದ್ದು. ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ, ಹೊಸ ನಟಿ, ಹೀಗೆ ಫ್ರಾನ್ಸಿನ ರಾಷ್ಟ್ರೀಯ ಸಿನಿಮಾ ಪ್ರಶಸ್ತಿಯಾದ ಸೆಸಾರ್ ನಾಲ್ಕು ಗೆದ್ದಿತು. ನ್ಯೂಯಾರ್ಕಿನ ವಿಮರ್ಶಕರ ಬಳಗ 1995ರ ಅತ್ಯುತ್ತಮ ವಿದೇಶಿ ಚಿತ್ರ ಅಂತ ಆರಿಸಿತು. ಗಲಾಟೆ ಇಲ್ಲ, ಕೋರ್ಟಿಲ್ಲ. ಹರೆಯದ ಬಗ್ಗೆ, ಯುದ್ಧದ ಬಗ್ಗೆ, ಹೊಳೆಯ ದಡದ ಬಿಸಿಲಿನ ಬಗ್ಗೆ ವಿಮರ್ಶಕರು ಪ್ರೀತಿಯಿಂದ ಬರೆದರು. ಹುಡುಗರಿಬ್ಬರ ಆ ಒಂದು ರಾತ್ರಿಯನ್ನು ತೆಶಿನೆ ಹೆಚ್ಚುಕಮ್ಮಿ ತೋರಿಸುವುದೇ ಇಲ್ಲ.

ಅದರಲ್ಲೊಂದು ದೃಶ್ಯ ಇದೆ. ಊರಲ್ಲಿ ಒಬ್ಬ ಚಪ್ಪಲಿ ಅಂಗಡಿಯವನು. ಅವನು ಗಂಡಸರನ್ನು ಪ್ರೀತಿಸುವವನು ಅಂತ ಊರಿಗೆಲ್ಲ ಗೊತ್ತು. ಫ್ರಾಂಸ್ವಾ ಧೈರ್ಯ ಮಾಡಿ ಅವನ ಅಂಗಡಿಗೆ ಹೋಗುತ್ತಾನೆ. ನನಗೂ ಹೀಗಾಗಿದೆ, ನಾನೇನು ಮಾಡಲಿ, ನೀವು ಹೇಗೆ ಬದುಕಿದಿರಿ, ಅಂತ ಕೇಳುತ್ತಾನೆ. ಅಂಗಡಿಯವನ ಹತ್ತಿರ ಉತ್ತರ ಇಲ್ಲ. ಆ ಹುಡುಗನ ಮುಖ, ಆ ದೊಡ್ಡವನ ಮುಜುಗರ! ಬೇರೆ ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದೆ ಬಂದ ಹುಡುಗ. ಸೆಟ್ಟಿನಲ್ಲಿ ಲೆಸ್ಬಿಯನ್ನರೇ ಇರಲಿಲ್ಲ ಅಂತ ಮಾರೋ ಬರೆದದ್ದನ್ನು ಓದಿದಾಗ ನನಗೆ ಈ ಅಂಗಡಿ ಕಣ್ಣ ಮುಂದೆ ಬಂತು. ಫ್ರಾಂಸ್ವಾಗೆ ಉತ್ತರ ಸಿಗಲಿಲ್ಲ, ಆದರೆ ಅವನು ಕೇಳಿದ. ಕೆಶಿಶ್ ಕೇಳಲೇ ಇಲ್ಲ ಅನ್ನುವುದು ಮಾರೋ ಅವರ ನೋವು.

2013 ನಮಗೂ ಮರೆಯಲಾಗದ ವರ್ಷ. ಆ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮನ್ನು ಮತ್ತೆ ಜೀವಂತ ಮಾಡಿತು. ಅದು ಹೋಗುವುದಕ್ಕೆ 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. ಅದೇ 2013ರಲ್ಲಿ ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಬಂತು. ಒಳಗಿನವರೇ, ತಮ್ಮ ಹೆಸರಿಟ್ಟುಕೊಂಡು, ಕನ್ನಡದಲ್ಲೇ ಬರೆದ ಕಥೆಗಳು. ಫ್ರಾನ್ಸಿನಲ್ಲಿ ಮದುವೆಯ ಕಾನೂನು ಬಂದ ವರ್ಷ ಇಲ್ಲಿ ನಾವು ಅಪರಾಧದ ಕಾನೂನನ್ನು ವಾಪಸ್ ತಂದುಕೊಂಡೆವು, ಆದರೆ ಪುಸ್ತಕ ನಿಲ್ಲಲಿಲ್ಲ. ನನ್ನ ಗೆಳತಿ ನನ್ನ ಜೊತೆ ಸಿನಿಮಾ ನೋಡಿದ್ದು ಆ 377ರ ದಿನಗಳಲ್ಲೇ. ಕಿಟಕಿ ಹಾಕಿ, ಸೌಂಡ್ ಕಡಿಮೆ ಮಾಡಿ ನೋಡಿದೆವು.

ಇನ್ನೊಂದು ಹೆಸರು ಹೇಳದಿದ್ದರೆ ಈ ಮಾತು ಪೂರ್ತಿ ಆಗುವುದಿಲ್ಲ. ಸೆಲೀನ್ ಸಿಯಾಮಾ. 2007ರಲ್ಲೇ ಅವರು ಈಜುಕೊಳದ ಸುತ್ತ ನಡೆಯುವ ಒಂದು ಪುಟ್ಟ ಸಿನಿಮಾ ಮಾಡಿದ್ದರು, ಒಬ್ಬ ಹುಡುಗಿ ಇನ್ನೊಬ್ಬ ಹುಡುಗಿಯನ್ನು ಮೊದಲ ಸಲ ಪ್ರೀತಿಸುವ ಕಥೆ. ಅದೂ ಕಾನ್‌ಗೆ ಹೋಗಿತ್ತು, ಅದೂ ಫ್ರೆಂಚ್. 2013ರಲ್ಲಿ ಒಬ್ಬ ಹೆಂಗಸು ಇದನ್ನು ಮಾಡಿದ್ದರೆ ಹೇಗಿರುತ್ತಿತ್ತು ಅಂತ ಕೇಳಿದವರು ಸಾಕಷ್ಟು ಜನ, ಆರು ವರ್ಷ ಹಿಂದೆ ಒಬ್ಬ ಹೆಂಗಸು ಮಾಡಿಯೇ ಬಿಟ್ಟಿದ್ದಾರೆ ಅಂತ ನೆನಪಿಸಿದವರು ಕಡಿಮೆ. 2019ರಲ್ಲಿ ಸಿಯಾಮಾ 'ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್' ಜೊತೆ ಕಾನ್ ಸ್ಪರ್ಧೆಗೆ ಬಂದರು. ಅದೇ ವರ್ಷ, ಅದೇ ಸ್ಪರ್ಧೆಯಲ್ಲಿ ಕೆಶಿಶ್ ಅವರ ಹೊಸ ಸಿನಿಮಾ ಕೂಡ ಇತ್ತು. ಕೆಶಿಶ್ ಅವರದ್ದನ್ನು ನೋಡಿ ವಿಮರ್ಶಕರು ಸಿಟ್ಟಾದರು. ಸಿಯಾಮಾ ಅವರದ್ದಕ್ಕೆ ಚಿತ್ರಕಥೆಯ ಪ್ರಶಸ್ತಿ ಬಂತು, ಕ್ವಿಯರ್ ಪಾಮ್ ಕೂಡ ಬಂತು. ಚಿತ್ರ ಬರೆಯುವವಳು, ಬರೆಸಿಕೊಳ್ಳುವವಳು, ಇಬ್ಬರೂ ಒಬ್ಬರನ್ನೊಬ್ಬರು ನೋಡುವುದೇ ಆ ಸಿನಿಮಾ. ನೀನು ನನ್ನನ್ನು ನೋಡುವಾಗ ನಾನು ಯಾರನ್ನು ನೋಡುತ್ತಿರುತ್ತೇನೆ ಅಂದುಕೊಂಡೆ, ಅಂತ ಬರೆಸಿಕೊಳ್ಳುವವಳು ಕೇಳುತ್ತಾಳೆ. ಆ ಮಾತು ಕೇಳಿದಾಗ ನನಗೆ ಲೀಲ್‌ನ ಆ ಹಾಸಿಗೆಯ ದೃಶ್ಯ ನೆನಪಾಯಿತು. ಅಲ್ಲಿ ಯಾರೂ ಹಾಗೆ ತಿರುಗಿ ಕೇಳಲಿಲ್ಲ.

ಹಾಗಂತ ಒಂದು ಸಿನಿಮಾ ಬಂದ ಮೇಲೆ ಇನ್ನೊಂದನ್ನು ಎಸೆಯಬೇಕಿಲ್ಲ. ಈಗ ಕೆಲವರು ಕೆಶಿಶ್ ಸಿನಿಮಾವನ್ನು ನೋಡಲೇಬಾರದು ಅನ್ನುತ್ತಾರೆ. ನನಗೆ ಅದು ಆ ಎಕ್ಸಾರ್ಕೋಪುಲೋಸ್‌ಗೇ ಮಾಡುವ ಅನ್ಯಾಯ ಅನ್ನಿಸುತ್ತದೆ. ಅವರು ಅಷ್ಟು ಕಷ್ಟಪಟ್ಟು ನಮಗೆ ಕೊಟ್ಟ ಅದೆಲ್‌ಳನ್ನು ನಾವು ನೋಡದೆ ಬಿಟ್ಟರೆ ಹೇಗೆ?

ಕೊನೆಯ ಭಾಗದಲ್ಲಿ ಶಾಲೆಯ ವರ್ಷ ಮುಗಿಯುತ್ತದೆ. ಅದೆಲ್ ಮಕ್ಕಳನ್ನೆಲ್ಲ ನಗುತ್ತಾ ಕಳಿಸುತ್ತಾಳೆ. ಕೊನೆಯ ಮಗು ಹೋದ ಮೇಲೆ ಒಬ್ಬಳೇ ಅಳುತ್ತಾಳೆ. ಆಮೇಲೆ ಒಂದು ಕೆಫೆ. ಎಮಾಗೆ ಈಗ ಬೇರೆ ಜೊತೆ ಇದೆ, ಮನೆಯಲ್ಲೊಂದು ಮಗು ಇದೆ. ನಿನ್ನ ಮೇಲೆ ಕೊನೆಯಿಲ್ಲದ ಅಕ್ಕರೆ ಇದೆ, ಯಾವಾಗಲೂ ಇರುತ್ತದೆ, ಆದರೆ ಪ್ರೀತಿ ಇಲ್ಲ, ಅನ್ನುತ್ತಾಳೆ. ಕಡೆಗೆ ಎಮಾಳ ಚಿತ್ರಗಳ ಪ್ರದರ್ಶನ. ಅದೆಲ್ ನೀಲಿ ಬಟ್ಟೆ ಹಾಕಿಕೊಂಡು ಹೋಗುತ್ತಾಳೆ. ಎಮಾಳ ಕೂದಲಲ್ಲಿ ಈಗ ನೀಲಿ ಇಲ್ಲ. ಗೋಡೆ ಮೇಲೆ ತನ್ನದೇ ಹಳೆಯ ಚಿತ್ರ ತೂಗುಹಾಕಿದೆ. ಮಾತಾಡಿಸುವವರೆಲ್ಲ ಅವಸರದಲ್ಲಿದ್ದಾರೆ. ಸ್ವಲ್ಪ ಹೊತ್ತು ನಿಂತು ಆಚೆ ಬಂದುಬಿಡುತ್ತಾಳೆ. ಪರಿಚಯದ ಒಬ್ಬ ಹುಡುಗ ಅವಳನ್ನು ಹುಡುಕಿಕೊಂಡು ಓಡಿ ಬರುತ್ತಾನೆ, ಬೇರೆ ದಿಕ್ಕಿಗೆ ಹೋಗುತ್ತಾನೆ. ಅವಳು ಸಿಗರೇಟ್ ಹಚ್ಚಿಕೊಂಡು ನಮಗೆ ಬೆನ್ನು ಮಾಡಿ ನಡೆಯುತ್ತಾಳೆ. ಮತ್ತೆ ಅದೇ ಹ್ಯಾಂಗ್ ವಾದ್ಯದ ಸದ್ದು. ಈ ಸಲ ಕ್ಯಾಮೆರಾ ಅವಳ ಹಿಂದೆ ಹೋಗುವುದಿಲ್ಲ. ಅಲ್ಲೇ ನಿಂತು, ಅವಳು ಹೋಗುವುದನ್ನು ನೋಡುತ್ತದೆ.